ಕೊನೆಯ ಹನಿ ಎಳೆಯುವ ಅಪೊಂಡಿ

ಕೊಂಡೆಲೆ ಪೇಟೆಯ ಸಲೂನು ಇನ್ನೂ ಬಾಗಿಲು ತೆರೆದಿಲ್ಲ. ಅದರ ಕಿಟಕಿಯಿಂದ ಹೊರಟ ಕರೆಂಟಿನ ವೈರು ಮಾತ್ರ ಪಕ್ಕದ ಅಂಗಳ ಮುಟ್ಟಿದೆ. ಅಲ್ಲಿ ಅಪೊಂಡಿ ಟ್ಯಾಕ್ಸಿಯ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಕೊಳೆನೀರು ಹೀರುವ ಯಂತ್ರದ ಬಾಯಿಯನ್ನು ಸೀಟಿನ ಬಟ್ಟೆಗೆ ಒತ್ತಿ ಹಿಂದಕ್ಕೆ ಎಳೆಯುತ್ತಿದ್ದಾಳೆ. ಡಬ್ಬಿಯೊಳಗೆ ಕಂದು ನೀರು ಮೇಲೇರುತ್ತಿದೆ.

ರಾತ್ರಿ ಆಸ್ಪತ್ರೆಯ ದಾರಿಯಲ್ಲಿ ಇದೇ ಸೀಟಿನ ಮೇಲೆ ಹೆರಿಗೆಯಾಗಿದೆ. ತಾಯಿ, ಹೆಣ್ಣುಮಗು ಇಬ್ಬರೂ ಕ್ಷೇಮ. ಕ್ಷೇಮವಿಲ್ಲದವನು ಚಾಲಕ ಒಗುಟು. ಕಾರು ಅವನದಲ್ಲ. ಸಂಜೆ ಮಾಲೀಕ ಬರುತ್ತಾನೆ. ಕಲೆಯೋ ಒದ್ದೆಯೋ ಕಂಡರೆ ಕೀಲಿ ಕಸಿದುಕೊಳ್ಳುತ್ತಾನೆ. ಸಾಲದ್ದಕ್ಕೆ ಒಗುಟು ಗಾಬರಿಯಲ್ಲಿ ಕಲೆಯ ಮೇಲೆ ಬಿಸಿನೀರು ಸುರಿದಿದ್ದಾನೆ.

"ರಕ್ತಕ್ಕೆ ಬಿಸಿನೀರು ಹಾಕ್ತಾರೇನೋ? ಕಲೆ ಬೆಂದು ಕಚ್ಚಿಕೊಳ್ಳುತ್ತೆ. ಮೇಲೊಂದಿಷ್ಟು ಹಿಟ್ಟು ಸುರಿದಿದ್ರೆ ಉಗಾಲಿ ಮುದ್ದೆನೇ ಆಗ್ತಿತ್ತು," ಎನ್ನುತ್ತಾಳೆ ಅಪೊಂಡಿ, ತಣ್ಣೀರು ಚಿಮ್ಮಿಸುತ್ತಾ.

ಮೊದಲು ಆಕೆ ಕೆರೆದಂಡೆಯಲ್ಲಿ ಕಾರ್ಪೆಟ್ಟುಗಳನ್ನು ತುಳಿದು ಒಗೆಯುತ್ತಿದ್ದಳು. ಮಳೆ ಹಿಡಿದರೆ ಒಣಗದೆ ನಾರುತ್ತಿದ್ದವು. ಹೆಂಗಸರ ಉಳಿತಾಯ ಗುಂಪಿನಲ್ಲಿ ಸರದಿ ಬಂದಾಗ ಯಂತ್ರ ಕೊಂಡಳು. ದೊಡ್ಡದು, ಥಳಥಳ ಹೊಳೆಯುವಂಥದ್ದು. ಅದು ಮಳೆಯ ಹಾಗೆ ನೀರು ಸುರಿಯಿತೇ ಹೊರತು ಹೀರಲಿಲ್ಲ. ಬೀಗರು ಬರುವ ದಿನ ಒಂದು ಮನೆಯ ನಡುಮನೆ ಕೆಸರುಗದ್ದೆಯಾಯಿತು. ಬೈಗುಳ ತಿಂದು, ಅದನ್ನು ಮಾರಿ, ಈಗಿನ ಈ ಪುಟ್ಟ ಯಂತ್ರ ತಂದಳು. ಯಂತ್ರ ಕೊಳ್ಳಲು ಹೊರಟವರಿಗೆ ಈಗ ಆಕೆ ಹೇಳುವುದಿಷ್ಟು:

"ಎಷ್ಟು ಚಿಮ್ಮುತ್ತೆ ಅಂತ ನೋಡ್ಬಾರ್ದು, ಎಷ್ಟು ವಾಪಸ್ ಎಳೆಯುತ್ತೆ ಅಂತ ನೋಡ್ಬೇಕು. ಅಂಗಡಿಯಲ್ಲೇ ಒದ್ದೆ ಬಟ್ಟೆ ಮೇಲೆ ಎಳೆಸಿ, ಅಂಗೈ ಇಟ್ಟು ನೋಡಿ. ಮನೆಗೂ ಕಾರಿಗೂ ಒಂದೇ ಯಂತ್ರ ಅಂದ್ರೆ ಪೈಪು ಉದ್ದ ಇರ್ಲಿ, ಸಂದಿಗೆ ಹೋಗೋ ಸಣ್ಣ ಬಾಯಿನೂ ಇರ್ಲಿ. ಸೋಪು ಕಮ್ಮಿ. ನೊರೆ ಬಂದ್ರೆ ಜನಕ್ಕೆ ಖುಷಿ, ಆಮೇಲೆ ಉಳಿದ ಸೋಪಿಗೆ ಅಂಟಿಕೊಳ್ಳೋ ಧೂಳಿಗೂ ಖುಷಿ."

ಕೆಲಸ ಮುಗಿದ ಮೇಲೆ ಗಿರಾಕಿಗೆ ಡಬ್ಬಿಯ ನೀರು ತೋರಿಸಿ ಚೆಲ್ಲುವುದು ಆಕೆಯ ವಾಡಿಕೆ. ತಮ್ಮದೇ ಮನೆಯ ಕೊಳೆ ಕಂಡು ಮೂಗು ಮುಚ್ಚಿಕೊಳ್ಳುವವರನ್ನು ದಿನಾ ಇಲ್ಲೇ ಕೂರುವ ನಾನು ಬೇಕಾದಷ್ಟು ನೋಡಿದ್ದೇನೆ. ಇವತ್ತೂ ಡಬ್ಬಿ ಚರಂಡಿಯತ್ತ ವಾಲುತ್ತದೆ. ಅಷ್ಟರಲ್ಲಿ ಜೆರಿಕ್ಯಾನ್ ಹಿಡಿದ ಮುದುಕಿಯೊಬ್ಬಳು ಅಂಗಳಕ್ಕೆ ಬರುತ್ತಾಳೆ. ಕೂಸಿನ ಅಜ್ಜಿ.

"ಚೆಲ್ಬೇಡ ಮಗಳೇ. ಮೊಮ್ಮಗಳ ಮಾಸನ್ನ ಊರಿಗೆ ಒಯ್ತಾ ಇದೀನಿ, ಮನೆ ಅಂಗಳದಲ್ಲಿ ಹೂಳೋಕೆ. ಈ ನೀರೂ ಅದ್ರ ಜೊತೆ ಬರ್ಲಿ. ಅರ್ಧ ಇಲ್ಲಿ ಅರ್ಧ ಅಲ್ಲಿ ಬಿಟ್ರೆ, ಮಗು ತನ್ನ ಮನೆ ಯಾವ್ದು ಅಂತ ಹುಡುಕ್ತಾನೇ ಇರುತ್ತೆ."

"ಅಜ್ಜಿ, ನಂಗೆ ಹೊತ್ತಾಗ್ತಿದೆ," ಎಂದು ಒಗುಟು ಗೊಣಗುತ್ತಾನೆ.

"ನಿನ್ನ ಕಾರಲ್ಲಿ ಹುಟ್ಟಿದ್ದು ನನ್ನ ಮೊಮ್ಮಗಳಪ್ಪಾ. ಸುಮ್ನೆ ಕೂತು ಚಾ ಕುಡಿ."

ಅಜ್ಜಿ ಕಾರೊಳಗೇ ತೂರಿಕೊಳ್ಳುತ್ತಾಳೆ. ಸೀಟಿನ ಮೇಲೆ ಅಂಗೈ ಒತ್ತಿ, "ಇಲ್ಲಿನ್ನೂ ತಣ್ಣಗಿದೆ, ಎಳಿ," ಎನ್ನುತ್ತಾಳೆ. ಅಪೊಂಡಿ ಎಳೆಯುತ್ತಾಳೆ. ಮತ್ತೆ ತಣ್ಣೀರು, ಮತ್ತೆ ಅಂಗೈ. ಡಬ್ಬಿಗೆ ತಿಳಿನೀರು ಬಂದು, ಕೊನೆಗೆ ಬರೀ ಗಾಳಿ ಬರುವ ತನಕ ಮುದುಕಿ ಬಿಡುವುದಿಲ್ಲ. ಆಮೇಲೆ ನೀರನ್ನೆಲ್ಲ ಜೆರಿಕ್ಯಾನಿಗೆ ತುಂಬಿಸಿಕೊಂಡು ಹೊರಡುತ್ತಾಳೆ. ಗಿರಾಕಿಯೊಬ್ಬರು ಅಪೊಂಡಿಯಿಂದ ಇಷ್ಟು ಕೆಲಸ ತೆಗೆದದ್ದನ್ನು ನಾನು ಕಂಡಿಲ್ಲ.

ಸಂಜೆ ಮಾಲೀಕ ಸೀಟಿನ ಮೇಲೆ ಕೈಯಾಡಿಸುತ್ತಾನೆ. ಒಣಗಿದೆ, ಕಲೆಯಿಲ್ಲ. ಕೀಲಿ ಒಗುಟುವಿನ ಕೈಯಲ್ಲೇ ಉಳಿಯುತ್ತದೆ.

ಈಗ ಕೆಲವು ದಿನ ಕಳೆದಿವೆ. ಮಗುವಿಗೆ ಆಯೂ ಎಂದು ಹೆಸರಿಟ್ಟಿದ್ದಾರೆ; ಅವರ ಭಾಷೆಯಲ್ಲಿ ದಾರಿಯಲ್ಲಿ ಹುಟ್ಟಿದವಳು ಎಂದರ್ಥ. ಇನ್ನೂ ದೊಡ್ಡ ಯಂತ್ರದ ಆಸೆ ಇದೆಯೇ ಎಂದು ಕೇಳಿದರೆ ಅಪೊಂಡಿ ಇಲ್ಲವೆಂದು ತಲೆಯಾಡಿಸುತ್ತಾಳೆ.

"ಇದೇ ಸಾಕು. ಈಗ ಚೆಲ್ಲೋಕೆ ಮುಂಚೆ ಎಲ್ರನ್ನೂ ಕೇಳ್ತೀನಿ, ಈ ನೀರು ನಿಮಗೇನಾದ್ರೂ ಬೇಕಾ ಅಂತ. ನಗ್ತಾರೆ. ನಗ್ಲಿ ಬಿಡಿ. ಆಯೂ ಮನೆ ಅಂಗಳದಲ್ಲಿ ನಾನು ಎಳೆದ ನೀರಿದೆ."