ಬಾರ್ಬರೋಸನ ಬಲಗೈ

ಕ್ಲೈನ್‌ಹೆಂಪೆಲ್ ಮನೆತನದ ಗೊಂಬೆಗಾಡಿ ಸ್ಯಾಕ್ಸನಿಯ ಯಾವ ಹಳ್ಳಿಗೆ ಬಂದರೂ ಜನ ಮೊದಲು ಕೇಳುತ್ತಿದ್ದುದು ಕೆಂಪುಗಡ್ಡದ ಚಕ್ರವರ್ತಿಯನ್ನೇ. ಬಾರ್ಬರೋಸ ಸತ್ತಿಲ್ಲ, ಗುಡ್ಡದೊಳಗೆ ಕಲ್ಲುಮೇಜಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದಾನೆ, ಗುಡ್ಡದ ಸುತ್ತ ಕಾಗೆಗಳು ಹಾರುವುದು ನಿಂತ ದಿನ ಎದ್ದು ಬರುತ್ತಾನೆ ಎಂದು ಅಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆ ಮನೆಯ ಮಗಳು ಓರ್ಟ್ರೂನಳ ಅಜ್ಜ ಆಡಿಸುವಾಗ ಮುದಿ ಚಕ್ರವರ್ತಿ ಎದ್ದು, ಆಕಳಿಸಿ, ಜನರನ್ನು ಹರಸಿ ಮತ್ತೆ ಮಲಗುತ್ತಿದ್ದ. ಅಷ್ಟೇ ಆಟ.

ಅಪ್ಪ ಆರ್ನೋನ ಕಾಲಕ್ಕೆ ಅಷ್ಟು ಸಾಲದಾಯಿತು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹಿಟ್ಲರನ ಕಡೆಯವರಿಗೆ ಆಕಳಿಸುವ ಚಕ್ರವರ್ತಿ ಬೇಕಿರಲಿಲ್ಲ. ಆರ್ನೋ ಗೊಂಬೆಯ ಬಲಗೈಗೆ ಕತ್ತಿ ಕೊಟ್ಟು ಹೊಸ ದಾರ ಬಿಗಿದ. ಪರದೆಯ ಮೇಲುಗಡೆಯ ಹಲಗೆಯಲ್ಲಿ ನಿಂತು ಆ ದಾರ ಎಳೆಯುವುದು ಓರ್ಟ್ರೂನಳ ತಮ್ಮ ಫೋಲ್ಕ್‌ಮಾರನ ಕೆಲಸ. ಕತ್ತಿ ಮೇಲೇಳುವಾಗ "ಎದ್ದೇಳಿ, ನನ್ನ ಹಿಂದೆ ನಡೀರಿ" ಎಂದು ಅಪ್ಪ ಗುಡುಗಿದರೆ ಇಡೀ ಸಭೆ ಎದ್ದು ನಿಲ್ಲುತ್ತಿತ್ತು.

ಯುದ್ಧ ಬಂದಾಗ ಫೋಲ್ಕ್‌ಮಾರ ತಾನಾಗಿಯೇ ಹೋಗಿ ಸೇನೆಗೆ ಹೆಸರು ಕೊಟ್ಟ. ಓರ್ಟ್ರೂನ್ ಬೈದಳು. "ದಿನಾ ಬೇರೆಯವರನ್ನ ನಡೀರಿ ಅಂತ ಎಬ್ಬಿಸಿ, ನಾನಿಲ್ಲಿ ದಾರ ಹಿಡ್ಕೊಂಡು ಕೂತಿರ್ಲಾ ಅಕ್ಕ?" ಎಂದ. ರಷ್ಯಕ್ಕೆ ಹೋದವನು ಮರಳಲಿಲ್ಲ. ಆ ದಂಡಯಾತ್ರೆಗೆ ಗುಟ್ಟಾಗಿ ಇಟ್ಟಿದ್ದ ಹೆಸರು ಬಾರ್ಬರೋಸ ಎಂಬುದು ಯುದ್ಧ ಮುಗಿದ ಮೇಲೆ ಅವಳಿಗೆ ತಿಳಿಯಿತು. ಅಂದೇ ಕತ್ತರಿ ತಂದು ಬಲಗೈಯ ದಾರ ಕತ್ತರಿಸಿದಳು.

"ಕೈ ಆಡದ ಗೊಂಬೆನ ಯಾರು ನೋಡ್ತಾರೆ ಮಗಳೇ?" ಅಪ್ಪನ ದನಿ ಕುಸಿದಿತ್ತು.

"ನೋಡದಿದ್ರೆ ಬಿಡಲಿ ಅಪ್ಪ."

ಅಪ್ಪ ತೀರಿಕೊಂಡ ಮೇಲೆ ಗಾಡಿ ಅವಳ ಪಾಲಿಗೆ ಬಂತು. ಈಗ ಆಳುವವರು ಕಮ್ಯುನಿಸ್ಟರು. ಪರವಾನಗಿ ಕೊಡುವ ಅಧಿಕಾರಿ ಗೊಂಬೆಯ ಗಡ್ಡ ಎತ್ತಿ ನೋಡಿ ಮೂಗು ಮುರಿದ.

"ಚಕ್ರವರ್ತಿಗಳು ಬಡವರ ರಕ್ತ ಹೀರಿದವರು. ಈ ಕತ್ತಿಯಿಂದ ರೈತನ ಗೊಂಬೆನ ಕಡಿಸಿ, ಜನಕ್ಕೆ ಅರ್ಥ ಆಗ್ಲಿ."

"ಆ ಕೈಗೆ ದಾರ ಇಲ್ಲ, ಕಾಮ್ರೇಡ್."

"ಕಟ್ಟಿ."

"ಕಟ್ಟಲ್ಲ."

ಪರವಾನಗಿ ಸಿಗಲಿಲ್ಲ. ಓರ್ಟ್ರೂನ್ ಕಾಲುಚೀಲದ ಕಾರ್ಖಾನೆ ಸೇರಿದಳು. ಅಲ್ಲೇ ಅವಳ ಕೂದಲು ನರೆಯಿತು. ಒಂದು ಗಂಟು ಹಾಕಿದ್ದರೆ ಮುಗಿಯುತ್ತಿತ್ತು ಎಂದು ನೆರೆಹೊರೆ ಆಡಿಕೊಂಡಿತು. ಆಡಿಕೊಳ್ಳುವುದಕ್ಕೇನು, ಅವರ ತಮ್ಮ ಹೋಗಿರಲಿಲ್ಲವಲ್ಲ.

ಬರ್ಲಿನ್ನಿನ ಗೋಡೆ ಬಿದ್ದಿತು. ಚಕ್ರವರ್ತಿಗೆ ಮತ್ತೆ ಶುಕ್ರದೆಸೆ. ಊರಿನ ಹೋಟೆಲಿನವನು ಪ್ರವಾಸಿಗಳಿಗೆಂದು ಆಟ ಕೇಳಿಕೊಂಡು ಬಂದ.

"ಕತ್ತಿ ಝಳಪಿಸಬೇಕು ಅಜ್ಜಿ. ಈಗ ಅವನ ಬಗ್ಗೆ ಜನಕ್ಕೆ ಹೆಮ್ಮೆ."

"ದೇವರು ಅಂದ್ರಿ, ರಾಕ್ಷಸ ಅಂದ್ರಿ, ಈಗ ಮದುಮಗನ ಹಾಗೆ ಮೆರೆಸ್ತೀರಿ. ಮೂರು ಸಲಾನೂ ನಿಮಗೆ ಬೇಕಾಗಿದ್ದು ಆ ಕತ್ತಿನೇ ಅಲ್ವೇನಪ್ಪ? ನನ್ನ ಆಟ ಬೇಕಾದ್ರೆ ನಾನು ಆಡಿಸಿದ ಹಾಗೆ ನೋಡಿ. ಬೇಡ ಅಂದ್ರೆ ಬಾಗಿಲು ಅಲ್ಲಿದೆ."

ಗೊಣಗುತ್ತಲೇ ಒಪ್ಪಿದ. ಅಜ್ಜಿ ಮತ್ತೆ ಹಲಗೆ ಹತ್ತಿದಳು, ಮಂಡಿ ನೋವನ್ನು ಬೈದುಕೊಂಡು.

ಕೆಳಗೆ ಬಾರ್ಬರೋಸ ಕಣ್ಣುಜ್ಜಿಕೊಂಡು ಎದ್ದ. "ನನ್ನ ಕತ್ತಿ ಎಲ್ಲಿ?" ಎಂದು ಎಡಗೈಯಲ್ಲಿ ತಡಕಾಡಿದ. ಕತ್ತಿ ಹಿಡಿದ ಬಲಗೈ ಜೋತುಬಿದ್ದೇ ಇತ್ತು. ವಿದೂಷಕ ಕಾಸ್ಪರ್ ಓಡಿಬಂದು ಅವನ ಗಡ್ಡವನ್ನೇ ಎಳೆದು ಹೊದಿಸಿದ.

"ಕಾಗೆಗಳು ಇನ್ನೂ ಹಾರ್ತಾ ಇವೆ ತಾತ. ನಿನ್ನನ್ನ ಯಾರೂ ಕರೆದಿಲ್ಲ. ಮಲ್ಕೋ."

ಜನ ಬಿದ್ದು ಬಿದ್ದು ನಕ್ಕರು. ಮೇಲೆ ಓರ್ಟ್ರೂನ್ ಅಳುತ್ತಿದ್ದಳು, ದಾರ ಹಿಡಿದ ಕೈ ಮಾತ್ರ ಅಲುಗಲಿಲ್ಲ. ಅವಳ ಬಲಕ್ಕೆ ಹಲಗೆಯ ಮೇಲೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತು. ಫೋಲ್ಕ್‌ಮಾರ ನಿಲ್ಲುತ್ತಿದ್ದ ಆ ಜಾಗಕ್ಕೆ ಅವಳು ಯಾರನ್ನೂ ಹತ್ತಿಸಿರಲಿಲ್ಲ.