ಎರಡು ಚೌಕಟ್ಟು, ಒಂದು ಗಡಿಯಾರ

ಅದು ತೊಂಬತ್ತರ ದಶಕದ ಕೊನೆ. ನಾನು ಸಂಶೋಧನೆಗೆ ಸೇರಿ ಒಂದೂವರೆ ವರ್ಷವಾಗಿತ್ತು. ಪರಿಶೀಲನಾ ಸಮಿತಿಯ ಮುಂದೆ ಅಲ್ಲಿಯವರೆಗಿನ ಕೆಲಸವನ್ನು ವಿವರಿಸಬೇಕಿತ್ತು. ಸಮಿತಿ ಒಪ್ಪಿದರೆ ಪಿಎಚ್.ಡಿ.ಗೆ ನೋಂದಣಿ, ಒಪ್ಪದಿದ್ದರೆ ಹಾಸ್ಟೆಲ್ ಖಾಲಿ ಮಾಡಿ ಆಲೂರಿನ ಬಸ್ಸು ಹತ್ತಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ ಆದ್ದರಿಂದ, ಒಪ್ಪದಿರುವುದು ಎಂದರೇನೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮಹಾಸ್ಫೋಟಕ್ಕೂ ಹಿಂದೆ ವಿಶ್ವ ಹೇಗಿದ್ದಿರಬಹುದು ಎಂಬುದಕ್ಕೆ ಸ್ಟ್ರಿಂಗ್ ಸಿದ್ಧಾಂತ ಕೊಡುವ ಉತ್ತರವನ್ನು ನಾನು ಅಭ್ಯಾಸ ಮಾಡುತ್ತಿದ್ದೆ. ಅಲ್ಲಿ ದೇಶಕಾಲವನ್ನು ಎರಡು ಚೌಕಟ್ಟುಗಳಲ್ಲಿ ವಿವರಿಸುವುದುಂಟು. ಅತಿ ಸೂಕ್ಷ್ಮವಾದ ಸ್ಟ್ರಿಂಗಿನ ಉದ್ದವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಆ ಕಾಲದ ವಿಶ್ವ ಹಿಗ್ಗುತ್ತಿರುತ್ತದೆ. ಗುರುತ್ವದ ಬಲ ಬದಲಾಗದಂತೆ ಬೇರೊಂದು ಅಳತೆಗೋಲನ್ನು ಆರಿಸಿಕೊಂಡರೆ, ಅದೇ ವಿಶ್ವ ಕುಗ್ಗುತ್ತಿರುತ್ತದೆ. ಎರಡೂ ಸರಿಯೇ. ಆ ಕಾಲದಿಂದ ಉಳಿದು ಬಂದ ಅಲೆಗಳ ತೀವ್ರತೆಯನ್ನು ಲೆಕ್ಕ ಹಾಕಿದರೆ ಎರಡರಲ್ಲೂ ಒಂದೇ ಉತ್ತರ ಬರಬೇಕು. ನನಗೆ ಬೇರೆ ಬೇರೆ ಉತ್ತರ ಬಂದಿತ್ತು.

"ನಿಜವಾದರೆ ದೊಡ್ಡ ವಿಷಯ. ಇನ್ನೊಮ್ಮೆ ನೋಡಿಕೊಂಡು ಬನ್ನಿ," ಎಂದಿದ್ದರು ಮಾರ್ಗದರ್ಶಕರು. ನನ್ನ ನೋಂದಣಿ ಆ ವ್ಯತ್ಯಾಸವೊಂದರ ಮೇಲೆಯೇ ನಿಂತಿತ್ತು.

ಸಂಕ್ರಾಂತಿಗೆ ಆಲೂರು ತಾಲೂಕಿನ ಪಾಳ್ಯದ ಕಡೆಯ ನಮ್ಮ ಊರಿಗೆ ಹೋದಾಗ ಕಣದಲ್ಲಿ ರಾಗಿ ರಾಶಿ ಅಳೆಯುತ್ತಿದ್ದರು. ಅಪ್ಪ ಮತ್ತು ಚಿಕ್ಕಪ್ಪ ಜೊತೆಯಾಗಿ ಬೆಳೆದ ಬೆಳೆ ಅದು. ಅಳೆದು ಸಮನಾಗಿ ಹಂಚಿಕೊಳ್ಳುವುದು ವಾಡಿಕೆ. ನಮ್ಮಲ್ಲಿ ಮೊದಲ ಕೊಳಗವನ್ನು ಸುರಿಯುವಾಗ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅಪ್ಪ 'ಲಾಭ' ಎಂದು ಮೊದಲನೆಯದನ್ನು ಸುರಿದು, ಎಣಿಕೆಯನ್ನು ನನಗೆ ಒಪ್ಪಿಸಿದರು. ಗಟ್ಟಿಯಾಗಿ ಕೂಗಲು ಸಂಕೋಚವಾಗಿ ಮನಸ್ಸಿನಲ್ಲೇ ಎಣಿಸತೊಡಗಿದೆ. ಚಿಕ್ಕಪ್ಪ ತಮ್ಮ ಪಾಡಿಗೆ ಕೊಳಗಕ್ಕೊಂದು ಕಲ್ಲು ಇಡುತ್ತಿದ್ದರು. ಕೊನೆಯಲ್ಲಿ ನನ್ನ ಎಣಿಕೆಗಿಂತ ಅವರ ಕಲ್ಲು ಒಂದು ಹೆಚ್ಚಾಗಿತ್ತು.

"ಒಂದ್ ಕೊಳಗ ಎಲ್ಲೋಯ್ತು? ನೆಲ ನುಂಗ್ಬುಡ್ತಾ?" ಎಂದರು ಚಿಕ್ಕಪ್ಪ.

"ನಿನ್ ಕಲ್ಲೇ ಜಾಸ್ತಿ ಕಣೋ. ನನ್ ಮಗ ಎಮ್ಮೆಸ್ಸಿ ಓದವ್ನೆ," ಎಂದರು ಅಪ್ಪ.

"ಅದ್ಕೇ ಕಣಣ್ಣ ಯೋಳಿದ್ದು! ಆಕಾಶ ಅಳೆಯೋನ್ಗೆ ರಾಗಿ ಎಲ್ ಕಾಣ್ತದೆ?"

ಅಪ್ಪ ನನ್ನ ಕಡೆ ತಿರುಗಿದರು. "ನಾನ್ ಲಾಭ ಅಂದ್ಮೇಕೆ ನೀನೇನಂದ್ಯೋ ಮಗ?"

"ಒಂದು," ಎಂದೆ.

ಕಣವೆಲ್ಲ ನಕ್ಕಿತು. "ಅಯ್ಯೋ ಮಾರಾಯ, ಲಾಭ ಅಂದ್ರೆ ಬರೀ ಮಂತ್ರ ಅಂದ್ಕೊಂಡ್ಯಾ? ಅದೇ ಒಂದು ಕಣೋ!" ಎಂದು ಚಿಕ್ಕಪ್ಪ ಕಣ್ಣೊರೆಸಿಕೊಂಡರು.

ನನಗೆ ನಗು ಬರಲಿಲ್ಲ. ಬಾಲ್ಯದಿಂದ ನೋಡಿದ ಪದ್ಧತಿಯಲ್ಲೇ ತಪ್ಪಿದೆನಲ್ಲ ಎಂಬ ಅವಮಾನ ಊಟದ ಹೊತ್ತಿನವರೆಗೂ ಇತ್ತು. ಅದು ತಣಿದ ಮೇಲೆ ಅದಕ್ಕಿಂತ ಕೆಟ್ಟದ್ದೊಂದು ಅನುಮಾನ ಹುಟ್ಟಿತು. ಅಪ್ಪನ ಎಣಿಕೆಯ ಆರಂಭಕ್ಕೆ ನನ್ನ ಎಣಿಕೆಯನ್ನು ಅಂಟಿಸಿದ್ದೆ. ಅಂಥದ್ದನ್ನು ಬೇರೆಲ್ಲಿಯಾದರೂ ಮಾಡಿರುವೆನೆ?

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕುಳಿತು, ಜೊತೆಗೆ ತಂದಿದ್ದ ಸಂಶೋಧನೆಯ ಲೆಕ್ಕವನ್ನು ಮೊದಲಿನಿಂದ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಎರಡನೆಯ ಚೌಕಟ್ಟಿಗೆ ದಾಟುವಾಗ ಉದ್ದಗಳನ್ನೆಲ್ಲ ಬದಲಿಸಿದ್ದೆ. ಕಾಲವನ್ನು ಮಾತ್ರ ಮೊದಲನೆಯ ಚೌಕಟ್ಟಿನಲ್ಲಿದ್ದಂತೆಯೇ ಉಳಿಸಿಕೊಂಡಿದ್ದೆ. ಅಳತೆಗೋಲು ಬದಲಾದ ಕಡೆ ಗಡಿಯಾರವೂ ಬದಲಾಗಬೇಕು. ಬದಲಿಸಿದ ಕೂಡಲೇ ಎರಡು ಉತ್ತರಗಳೂ ಒಂದಾದವು. ವ್ಯತ್ಯಾಸವೆಂಬುದೇ ಉಳಿಯಲಿಲ್ಲ, ಸಮಿತಿಗೆ ಹೇಳಲು ನನ್ನ ಬಳಿ ಬೇರೇನೂ ಇರಲಿಲ್ಲ.

"ಯಾಕ್ಲಾ ಮಗ, ಮೈ ಹುಸಾರಿಲ್ವಾ?" ಎಂದು ಅಪ್ಪ ಕೇಳಿದರು.

"ಲೆಕ್ಕ ಸರಿಹೋಯ್ತು, ಅಪ್ಪ."

"ಮತ್ಯಾಕ್ ಮಕ ಇಂಗ್ ಮಾಡ್ಕೊಂಡಿದ್ಯ? ಸರಿಹೋದ್ರೆ ಒಳ್ಳೇದಲ್ವೇನೋ?"

ಒಳ್ಳೆಯದೇ ಎಂದೆ. ಸರಿಯಾದ ಲೆಕ್ಕದಿಂದ ಜಾಗ ಕಳೆದುಕೊಳ್ಳಬಹುದೆಂಬುದನ್ನು ಅವರಿಗೆ ಹೇಗೆ ವಿವರಿಸುವುದು? ಆ ತಪ್ಪು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲವೆಂಬ ಯೋಚನೆ ಹಾಸನದವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತು ಬಂತು.

ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ಹಾಳೆ ನೋಡಿ, "ಹಾಗಾದರೆ ಇದನ್ನೇ ಹೇಳಿ," ಎಂದಷ್ಟೇ ಅಂದರು.

ಸಮಿತಿಯ ಮುಂದೆ, ಒಂದೊಂದು ವಾಕ್ಯವನ್ನೂ ತಪ್ಪಾಗದಂತೆ ಜೋಡಿಸಿಕೊಂಡು, ಎರಡು ಚೌಕಟ್ಟುಗಳೂ ಒಂದೇ ಉತ್ತರ ಕೊಡುತ್ತವೆಂದೂ ಹಿಂದೆ ಕಂಡ ವ್ಯತ್ಯಾಸ ನನ್ನ ತಪ್ಪೆಂದೂ ಹೇಳಿದೆ.

"ಅಂದರೆ, ಹೊಸದೇನೂ ಇಲ್ಲ?" ಎಂದರು ಹಿರಿಯ ಸದಸ್ಯರೊಬ್ಬರು.

"ಇಲ್ಲ, ಸರ್."

ಹೊರಗೆ ಕಾಯಲು ಹೇಳಿದರು. ಒಳಗಿನಿಂದ ಕುರ್ಚಿ ಸರಿಸುವ ಸದ್ದು, ಯಾರೋ ಕೆಮ್ಮಿದ್ದು, ಇಷ್ಟೇ ಕೇಳುತ್ತಿತ್ತು. ತೀರ್ಮಾನ ಬಂತು: ನೋಂದಣಿ ಈಗಿಲ್ಲ, ಆರು ತಿಂಗಳೊಳಗೆ ಹೊಸ ಸಮಸ್ಯೆಯೊಂದನ್ನು ಹಿಡಿದು ಮತ್ತೆ ಬರಬೇಕು.

ಸಂಜೆ ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನ್ ಮಾಡಿ ಮನೆಯವರನ್ನು ಕರೆಸಿದೆ.

"ಆರ್ ತಿಂಗ್ಳು ಬಿಟ್ಟು ನೋಡ್ತಾರಂತೆ, ಅಪ್ಪ."

"ಅಂಗಂದ್ರೆ ಒಪ್ಪವ್ರೆ ಅನ್ನು." ಅಪ್ಪ ಅತ್ತ ತಿರುಗಿ, "ಒಪ್ಪವ್ರಂತೆ ಕಣೆ," ಎಂದು ಅವ್ವನಿಗೆ ಹೇಳುವುದು ಕೇಳಿಸಿತು.

ಅವ್ವ ಫೋನ್ ತೆಗೆದುಕೊಂಡ ಕೂಡಲೇ ಮತ್ತೆ ಮೊದಲಿನಿಂದ ಹೇಳಿದೆ: ಇನ್ನೂ ಒಪ್ಪಿಲ್ಲ, ಕಳಿಸಿಯೂ ಇಲ್ಲ, ಆರು ತಿಂಗಳು ಟೈಮ್ ಕೊಟ್ಟಿದ್ದಾರೆ.

ಅವ್ವ ಕೇಳಿದಳು, "ಅಂಗಾದ್ರೆ ಉಗಾದಿಗೆ ಬರಾಕಿಲ್ವಾ ಮಗ?"

"ಬರಲ್ಲ, ಅವ್ವ," ಎಂದೆ.