ಹಾರದೆ ಉಳಿದ ಕುದುರೆ

ಅಮಾಸೆಬೈಲಿನ ಸಿಂಚನಾಗೆ ಚೆಸ್ ಕಲಿಸಿದ್ದು ಯತೀಶ್ ಮೇಷ್ಟ್ರು. ಅವರಿಗೆ ವರ್ಗವಾದ ಮೇಲೆ ಊರಲ್ಲಿ ಅವಳ ಜೊತೆ ಆಡುವವರೇ ಇಲ್ಲ. ಜಗಲಿಯಲ್ಲಿ ಹಲಗೆ ಇಟ್ಟು ಬಿಳಿ ಕಾಯಿ ನಡೆಸುತ್ತಾಳೆ, ಎದ್ದು ಆಚೆ ಬದಿಗೆ ಹೋಗಿ ಕೂತು ಕರಿ ಕಾಯಿ ನಡೆಸುತ್ತಾಳೆ. ಗೆಲ್ಲುವುದೂ ತಾನೇ, ಸೋಲುವುದೂ ತಾನೇ.

ಸಾಲಿಗ್ರಾಮದ ಟೂರ್ನಮೆಂಟಿಗೆ ಅವಳು ಬಸ್ಸು ಹಿಡಿದು ಬಂದದ್ದು ಕಪ್ಪಿನ ಆಸೆಗಲ್ಲ. ಆಟ ಮುಗಿದ ಮೇಲೆ ಆಡಿದ ಇಬ್ಬರೂ ಹೊರಗೆ ಕೂತು, ಅದೇ ಆಟವನ್ನು ಮೊದಲಿಂದ ಇಟ್ಟು, ಇಲ್ಲಿ ಹೀಗೆ ಮಾಡಿದ್ದರೆ, ಅಲ್ಲಿ ಹಾಗೆ ಮಾಡಿದ್ದರೆ ಅಂತ ಮಾತಾಡುವ ಪದ್ಧತಿ ಉಂಟು. ಅವಳಿಗೆ ಬೇಕಾದ್ದು ಅದು. ಆದರೆ ಅವಳು ಗೆದ್ದುಬಿಡುತ್ತಾಳೆ. ಸೋತವರಿಗೆ ಕೂರುವ ಮನಸ್ಸೆಲ್ಲಿಯದು? ಬೆಳಿಗ್ಗೆ ಸೋತ ಕೀರ್ತನ್ ಅಂತೂ ಮುಖ ಊದಿಸಿಕೊಂಡು ಎದ್ದೇ ಹೋದ.

ಕಡೆಯ ಆಟ ಕುಂದಾಪುರದ ಯಾಮಿನಿಯ ಜೊತೆ. ಎದುರಿನವರ ನಡೆ ಚೆನ್ನಾಗಿದ್ದರೂ ಮೆಲ್ಲಗೆ ನಗುವ ಹುಡುಗಿ. ಆಟ ಮುಗಿದ ಮೇಲೆ ಇವಳು ಕೂತಾಳು ಅನ್ನಿಸಿತು ಸಿಂಚನಾಗೆ. ಅಷ್ಟರಲ್ಲಿ ಕಂಡಿತು: ಕುದುರೆ ಹಾರಿಸಿದರೆ ರಾಜನಿಗೂ ಆನೆಗೂ ಒಟ್ಟಿಗೇ ಏಟು, ಆಟ ಅಲ್ಲಿಗೆ ಮುಗಿಯಿತು. ಕೈ ಕುದುರೆಯ ಹತ್ತಿರ ಹೋಯಿತು, ಮುಟ್ಟಲಿಲ್ಲ. ಒಂದು ಪದಾತಿಯನ್ನು ಮುಂದೆ ತಳ್ಳಿ, "ಡ್ರಾ ಮಾಡ್ಕಂಬನಾ?" ಅಂದಳು.

ಯಾಮಿನಿ ಹಲಗೆ ನೋಡಿದಳು, ಸಿಂಚನಾಳ ಮುಖ ನೋಡಿದಳು. "ಅಕ್ಕ್" ಅಂತ ಒಪ್ಪಿ ಕೈ ಕುಲುಕಿದಳು. ಇಬ್ಬರಿಗೂ ಅರ್ಧರ್ಧ ಅಂಕ.

"ಹೊರ್ಗ್ ಕೂಕಂಡ್ ಇನ್ನೊಂದ್ ಸಲ ಕಾಂಬನಾ?" ಸಿಂಚನಾ ಕೇಳಿದಳು.

"ನೀ ಹೋಯಿ ಹಲ್ಗಿ ಇಡ್, ಬತ್ತೆ."

ಸಿಂಚನಾ ಹೊರಗಿನ ಜಗಲಿಯಲ್ಲಿ ಕಾಯಿ ಎಲ್ಲ ಜೋಡಿಸಿದಳು. ಯಾಮಿನಿ ಬಂದಳು, ಬೆನ್ನಿಗೆ ಅವಳ ಅಪ್ಪ ರವಿಶಂಕರರೂ ಬಂದರು. "ಟ್ಯೂಷನಿಗೆ ಹೊತ್ತಾಯ್ತ್ ಮಗಾ, ಕಾರ್ ಹತ್ತ್" ಅಂದರು. ಹುಡುಗಿಯ ಕೈ ಹಿಡಿದೇ ಅಂದರು.

ಕಾರು ಹೊರಡುವಾಗ ಯಾಮಿನಿ ಕಿಟಕಿಯಿಂದ ತಲೆ ಹಾಕಿದಳು. "ಹ್ವಾಯ್, ಆ ಕುದ್ರಿ ಎಂತಕ್ ಹಾರ್ಸ್ಲಿಲ್ಲ ನೀನ್? ನಾ ಸೋತೆ ಅಂದ್ಕಂಡಿದ್ದೆ."

ಇವಳು ಬಾಯಿ ತೆರೆಯುವಷ್ಟರಲ್ಲಿ ಕಾರು ಹೆದ್ದಾರಿ ಸೇರಿತ್ತು.

ಸಿಂಚನಾ ಆ ಆಟವನ್ನು ಮೊದಲಿಂದ ನಡೆಸಿದಳು. ತನ್ನದೊಂದು ಕಾಯಿ, ಎದ್ದು ಆಚೆ ಹೋಗಿ ಯಾಮಿನಿಯದೊಂದು ಕಾಯಿ. ಬೆಳಿಗ್ಗೆ ಪರಿಚಯವಾಗಿದ್ದ, ಅಲ್ಲಿನ ಕೆಲಸದ ಸೀತು ಗುಡಿಸುತ್ತ ಬಂದವಳು ಪೊರಕೆ ನಿಲ್ಲಿಸಿದಳು.

"ಎಂತ ಹೆಣ್ಣೇ, ಒಬ್ಳೇ ಆಡ್ತ್ಯಾ?"

"ಇಲ್ಲ ಸೀತಕ್ಕ. ಅವ್ಳ್ ಒಂದ್ ಕೇಂಡಿದ್ಲ್, ಅದ್ಕೆ ಉತ್ರ ಹೇಳ್ತಿದ್ದೆ."

ಸೀತು ಎದುರಿನ ಖಾಲಿ ಜಾಗ ನೋಡಿದಳು. ಅಷ್ಟು ಬಿಟ್ಟು ಸುತ್ತಲೂ ಗುಡಿಸಿಕೊಂಡು ಹೋದಳು.